ಓ ಅನ್ನುವವರೆಗೆ

ಸ್ಕೀಮಾ ಬರೆದವನು ನನ್ನ ಮೈದುನ. ಬರೆದ ದಿನವೇ ಅವನ ಜೊತೆ ಜಗಳವಾಡಿದ್ದೆ.

ಬಿಳಿಗೆರೆ ಕಡೆಯ ನಮ್ಮ ತೆಂಗಿನ ತೋಟದಲ್ಲಿ ಕೊಳವೆಬಾವಿ ಒಂದು ತುದಿಗೆ, ಸ್ಟಾರ್ಟರ್ ಡಬ್ಬ ಇರುವ ಪಂಪ್‌ಹೌಸ್ ಇನ್ನೊಂದು ತುದಿಗೆ. ಕರೆಂಟ್ ಬಂದಾಗಲೆಲ್ಲ ಓಡಿ ಓಡಿ ಸಾಕಾಗಿ, ಫೋನಿನಿಂದಲೇ ಮೋಟರ್ ನಡೆಸುವ ಸಣ್ಣದೊಂದು ಸರ್ವಿಸ್ ಕಟ್ಟೋಣವೆಂದು ಇಬ್ಬರೂ ಕೂತೆವು. ನಾನು ತಿಪಟೂರಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅವನು ಊರಿನ ಮೋಟರ್‌ಗಳನ್ನೆಲ್ಲ ಬಿಚ್ಚಿ ಕಲಿತವನು. ಮೊದಲು ಬೇಕಾದದ್ದು ಸ್ಕೀಮಾ ಎಂಬ ಫೈಲು. ಫೋನು ಏನೇನು ಕೇಳಬಹುದು, ಪಂಪ್‌ಹೌಸಿನ ಪುಟ್ಟ ಯಂತ್ರ ಏನು ಉತ್ತರ ಕೊಡಬೇಕು ಎಂಬ ಕರಾರು ಅದರಲ್ಲಿರುತ್ತದೆ. ಅದನ್ನು ಬರೆದುಕೊಟ್ಟರೆ ಎರಡೂ ಕಡೆಯ ಅರ್ಧ ಕೋಡು ತಾನಾಗಿಯೇ ತಯಾರಾಗುತ್ತದೆ. ಉಳಿದರ್ಧ ನನ್ನ ಪಾಲಿಗೆ.

ಅವನು ಬರೆದದ್ದು ಒಂದೇ ಒಂದು ಕರೆ, ಅಂದರೆ ಫೋನು ಆ ಯಂತ್ರಕ್ಕೆ ಕಳಿಸುವ ಆಜ್ಞೆ: ‘ಒತ್ತು’. ಒತ್ತಿದರೆ ಓಡುತ್ತಿದ್ದ ಮೋಟರ್ ನಿಲ್ಲಬೇಕು, ನಿಂತದ್ದು ಓಡಬೇಕು.

“ಆನ್‌ಗೊಂದು, ಆಫ್‌ಗೊಂದು ಬೇರೆ ಬೇರೆ ಇರಲಿ ಕಣಪ್ಪ,” ಎಂದೆ. “ಉತ್ತರ ಬರದೆ ಹೋದ್ರೆ ಆನ್ ಐತೋ ಆಫ್ ಐತೋ ಹೆಂಗೆ ಗೊತ್ತಾಗ್ತದೆ?”

“ಒಂದೇ ಸಾಕು ಬುಡಿ ಅತ್ಗೆ. ಹೂವೆತ್ತಿದಂಗೆ ಕೆಲಸ ಆಯ್ತದೆ.”

ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಳಾಗಿ ಹೋಗಲಿ ಎಂದು ಬಿಟ್ಟೆ.

ಒಂದು ಬೆಳಿಗ್ಗೆ ಮೋಟರ್ ಓಡುತ್ತಿತ್ತು. ತೋಟದ ಮನೆಯ ಅಂಗಳದ ತೊಟ್ಟಿಗೆ ನೀರು ಬೀಳುತ್ತಿತ್ತು. ಕೊಳವೆಬಾವಿಯ ಹತ್ತಿರದಿಂದ ನನ್ನ ಗಂಡ ಕೂಗಿದರು: “ಆಫ್ ಮಾಡೇ! ಕೇಬಲ್ ಜಾಯಿಂಟು ಸುಡ್ತಾ ಐತೆ, ಟೇಪ್ ಬಿಚ್ಚಿ ಸುತ್ತಬೇಕು!” ಅವರ ಫೋನು ಮನೆಯೊಳಗೆ ಚಾರ್ಜಿಗಿತ್ತು.

ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಉತ್ತರವಿಲ್ಲ. ಕರೆ ಹೋಗಲೇ ಇಲ್ಲವೋ, ಹೋಗಿಯೂ ಉತ್ತರ ಮಾತ್ರ ದಾರಿಯಲ್ಲಿ ತಪ್ಪಿತೋ, ಹೇಳುವವರಾರು? ಪೈಪಿನ ನೀರನ್ನಾದರೂ ನೋಡೋಣವೆಂದು ತಿರುಗುವಷ್ಟರಲ್ಲಿ, ಪಕ್ಕದಲ್ಲಿದ್ದ ಮೈದುನ “ತಡೀರಿ, ಇನ್ನೊಂದ್ಸಲ ಒತ್ತನ,” ಎಂದವನೇ ಒತ್ತಿಬಿಟ್ಟ.

ಪೈಪಿನ ನೀರು ಸಣ್ಣಗಾಗಿ ದಾರದಂತೆ ಇಳಿಯುತ್ತಿತ್ತು. ಅಂದರೆ ಮೊದಲ ಕರೆಗೇ ಮೋಟರ್ ನಿಂತಿತ್ತು! ನೋಡುತ್ತಿದ್ದಂತೆ ಪೈಪು ಗೊರಗೊರ ಎಂದಿತು. ನೀರು ಮತ್ತೆ ಭರ್ರನೆ ಬಿತ್ತು.

ಅಯ್ಯೋ ದೇವರೇ! ಅವರು ಟೇಪು ಬಿಚ್ಚಿದ್ದರೆ ಈಗ ಬರೀ ತಂತಿಯ ಮೇಲೆ ಕೈ.

ಅವನ ಬೆರಳು ಮತ್ತೆ ಫೋನಿಗೆ ಹೋಯಿತು. ಯಾವ ಕರೆ ತಲುಪಿದೆ, ಯಾವುದು ನಡುದಾರಿಯಲ್ಲಿದೆ, ಯಾರಿಗೆ ಗೊತ್ತು? ಕಿತ್ತುಕೊಂಡೆ. “ಮುಟ್ಟಿದ್ರೆ ಕೈ ಮುರೀತೀನಿ! ಹೋಗು, ಫ್ಯೂಸ್ ಕೀಳು!”

ಅವನು ಪಂಪ್‌ಹೌಸಿನ ಕಡೆ ಓಡಿದ, ನಾನು ಕೊಳವೆಬಾವಿಯ ಕಡೆ. ಒಣಗರಿಗಳಿಗೆ ಕಾಲು ಸಿಕ್ಕಿ ಬಿದ್ದೆ, ಎದ್ದೆ. “ರೀ! ಮುಟ್ಬೇಡಿ! ಕರೆಂಟ್ ಐತೆ!” ಉತ್ತರವಿಲ್ಲ. ನಮ್ಮ ತೋಟದಲ್ಲಿ ಮರ ಹತ್ತಿದವನು ಕೂಗಿ, ಕೆಳಗಿರುವವರು ‘ಓ’ ಅನ್ನದೆ ಒಂದು ಕಾಯಿಯನ್ನೂ ಕೆಡವುವುದಿಲ್ಲ. ಕೂಗಿದರೆ ಓ ಅನ್ನಲೇಬೇಕು. ಇವರು ಅನ್ನುತ್ತಿಲ್ಲ.

ಜಾಯಿಂಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಚಾಕು, ಹಲ್ಲಿನ ನಡುವೆ ಹೊಸ ಟೇಪಿನ ಸುರುಳಿ. ಹಳೆಯ ಟೇಪು ಬಿಚ್ಚಿರಲಿಲ್ಲ.

“ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ? ಓ ಅನ್ನಕ್ಕೆ ಏನಾಗಿತ್ತು?” ಬೆನ್ನಿಗೆ ಗುದ್ದಿದೆ. ಗುದ್ದುತ್ತಲೇ ಅಳು ಬಂತು.

ಅವರು ಸುರುಳಿ ತೆಗೆದು ನನ್ನನ್ನೇ ನೋಡಿದರು. “ನೀನೆಲ್ಲೇ ಓ ಅಂದೆ? ಆಫ್ ಮಾಡು ಅಂತ ಕೂಗ್ದೆ. ನಿನ್ನ ಓ ಬರಲಿ ಅಂತಲೇ ಕಾಯ್ತಾ ಕೂತಿದ್ದೆ.”

ಫೋನು ನೋಡುತ್ತ ನಿಂತವಳು ನಾನು ಓ ಅಂದೇ ಇರಲಿಲ್ಲ.

ಕಿತ್ತ ಫ್ಯೂಸನ್ನು ಕೈಯಲ್ಲೇ ಹಿಡಿದು ಬಂದ ಮೈದುನ ಅದನ್ನು ಅಣ್ಣನ ಕೈಯಲ್ಲೇ ಇಟ್ಟ. ಮಧ್ಯಾಹ್ನ ಊಟವನ್ನೂ ಮಾಡದೆ ಸ್ಕೀಮಾ ತಿದ್ದಿದ: ಆನ್ ಮಾಡುವ ಕರೆಯೇ ಬೇರೆ, ಆಫ್ ಮಾಡುವ ಕರೆಯೇ ಬೇರೆ. ಈಗ ಆಫ್ ಎಂದು ಎಷ್ಟು ಸಲ ಕಳಿಸಿದರೂ ಆಫೇ.

ಆದರೂ ಫೋನು ಆಫ್ ಎಂದು ತೋರಿಸಿದ ಮೇಲೆ ಪೈಪಿನ ನೀರು ಪೂರ್ತಿ ನಿಲ್ಲುವುದನ್ನು ನೋಡಿ, ತೋಟದ ಕಡೆ ತಿರುಗಿ ‘ಓ’ ಎಂದು ಕೂಗುತ್ತೇನೆ. ಆ ಕಡೆಯಿಂದ ಅವರ ‘ಓ’ ಕೇಳುವವರೆಗೆ ಒಳಗೆ ಹೋಗುವುದಿಲ್ಲ.