ಉಪಗ್ರಹಕ್ಕೆ ಕೇಳಿಸಬಾರದಿದ್ದ ಕರೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವವನು ನಾನು. ನರಿಮೊಗರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಯಾರಾದರೂ ವಿಚಿತ್ರ ಅನುಭವ ಎಂದು ಶುರುಮಾಡಿದರೆ ಮನಸ್ಸಿನಲ್ಲೇ ನಗುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕುಂಬ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಮೀದ್ ಕಾಕನಿಗೆ ಹ್ಯಾಮ್ ರೇಡಿಯೋದ ಹುಚ್ಚು, ಅಂದರೆ ಹವ್ಯಾಸಕ್ಕೆಂದೇ ರೇಡಿಯೋದಲ್ಲಿ ದೂರದವರೊಡನೆ ಮಾತಾಡುವುದು. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸೆಟ್ಟು, ಅಂಗಡಿಯ ಕಬ್ಬಿಣದ ಅಳತೆ ಟೇಪನ್ನೇ ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದ ಆಂಟೆನಾ, ಇಷ್ಟೇ ಬಂಡವಾಳ. ಸಣ್ಣ ಬಲ್ಬು ಉರಿಯುವಷ್ಟು ಶಕ್ತಿಯಲ್ಲಿ ಆ ಮನುಷ್ಯ ತಲೆಯ ಮೇಲೆ ಹಾದುಹೋಗುವ ಉಪಗ್ರಹದ ಮೂಲಕ ಪರದೇಶದವರೊಡನೆ ಮಾತಾಡುತ್ತಿದ್ದರು. ಆ ಬೆರಗಿನಿಂದಲೇ ನಾನು ಅವರ ಶಿಷ್ಯನಾದೆ.

ಕೆಲವು ವರ್ಷಗಳ ಹಿಂದೆ ಕಾಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ಸಂಜೆ ಕಾಕ, "ಮಾಷ್ಟ್ರೇ, ಒಂದು ಸಲ ಮೇಲೆ ಮಾತಾಡುವ. ನಾಳೆಯಿಂದ ಈ ಸ್ವರ ಇಲ್ಲ ಅಲ್ವಾ?" ಎಂದರು. ಇಬ್ಬರೂ ಮುರಕಲ್ಲಿನ ಪದವು ಎನ್ನುವ ಬೋಳುಗುಡ್ಡ ಹತ್ತಿದೆವು.

ಉಪಗ್ರಹ ಸಿಗುವುದು ಹತ್ತು ನಿಮಿಷ ಮಾತ್ರ. ಕಾಕ ಆಂಟೆನಾ ತಿರುಗಿಸುತ್ತ ಕರೆದರು, ಮತ್ತೆ ಕರೆದರು. ಬೇರೆಯವರ ಮಾತು ಕೇಳುತ್ತಿತ್ತು, ಇವರಿಗೆ ಯಾರೂ ಓಗೊಡಲಿಲ್ಲ. ಅವರ ದನಿ ಒಡೆಯತೊಡಗಿದಾಗ ನನಗೆ ಅಳು ಬಂತು.

"ಸಾಕು ಕಾಕ" ಎಂದೆ.

"ನಿಲ್ಲಿ ಮಾರಾಯ್ರೆ, ಇನ್ನೂ ಹೊತ್ತುಂಟು."

ಅಷ್ಟರಲ್ಲಿ ಉಪಗ್ರಹದಲ್ಲಿ ಮಾತಾಡುತ್ತಿದ್ದ ಉಳಿದವರೆಲ್ಲ ಸುಮ್ಮನಾಗಿದ್ದರು. ಕಾಕ ಕೊನೆಯ ಸಲ ಕರೆದರು. ಶ್ರೀಲಂಕಾದ ಒಬ್ಬ ಹೆಂಗಸು ಅವರ ಕರೆಸಂಕೇತವನ್ನು, ಅಂದರೆ ರೇಡಿಯೋದಲ್ಲಿ ಅವರನ್ನು ಗುರುತಿಸುವ ಅಕ್ಷರಗಳನ್ನು, ತಪ್ಪಿಲ್ಲದೆ ಹೇಳಿ, ನಿಮ್ಮ ಸ್ವರ ಸ್ಪಷ್ಟವಾಗಿ ಕೇಳುತ್ತಿದೆ ಎಂದರು. ಕಾಕ ಮಗುವಿನಂತೆ ನಕ್ಕರು.

ಸೆಟ್ಟು ಆರಿಸುವಾಗ ಅದರ ಪರದೆಯನ್ನು ಮತ್ತೊಮ್ಮೆ ನೋಡಿದೆ. ಆ ಉಪಗ್ರಹಕ್ಕೆ ಮಾತಿನ ಜೊತೆ ಟೋನ್ ಎಂಬ ಗುಂಯ್ ಎನ್ನುವ ಸದ್ದನ್ನೂ ಕಳಿಸಬೇಕು, ಇಲ್ಲದಿದ್ದರೆ ಅದು ನಮ್ಮ ಮಾತನ್ನು ದಾಟಿಸುವುದಿಲ್ಲ. ಬೆಳಿಗ್ಗೆ ಸೆಟ್ಟಿಗೆ ಉಪಗ್ರಹದ ತರಂಗಸಂಖ್ಯೆ ಮುಂತಾದ ಎಲ್ಲವನ್ನೂ ಹೊಸದಾಗಿ ತುಂಬಿಸಿದ್ದು ನಾನೇ. ಟೋನ್ ಹಾಕಲು ಮರೆತಿದ್ದೆ.

ಬಲ್ಲವರನ್ನು ಕೇಳಿದೆ. ಅದೇ ಹೊತ್ತಿಗೆ ಬೇರೆ ಯಾರೋ ಕಳಿಸಿದ ಟೋನಿನಿಂದ ಉಪಗ್ರಹದ ದಾರಿ ತೆರೆದು ಕಾಕನ ಮಾತೂ ಅದರ ಬೆನ್ನಿಗೆ ಹೋಗಿರಬಹುದು ಎಂದರು. ಆದರೆ ಆಗ ಬೇರೆ ಯಾರೂ ಮಾತಾಡುತ್ತಿರಲಿಲ್ಲವಲ್ಲ! ನಮ್ಮದೇ ಭ್ರಮೆ ಎನ್ನೋಣವೆಂದರೆ, ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಹ್ಯಾಮ್‌ನವರು ಕಳಿಸುವಂಥ ಕಾರ್ಡು ಆಕೆಯಿಂದ ಅಂಚೆಯಲ್ಲಿ ಬಂತು. ದಿನ, ಹೊತ್ತು ಎಲ್ಲ ಸರಿಯಾಗಿತ್ತು.

ಕಾಕ ಈಗ ಮಾತಾಡುವುದಿಲ್ಲ. ಒಂದು ದಿನ ಅಂಗಡಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಹಾಗಾದರೆ ಅದು ಹೇಗೆ ಹೋಯಿತು ಕಾಕ ಎಂದು ಕೇಳಿದೆ. ಅವರು ಚೀಟಿಯಲ್ಲಿ ಬರೆದು ಕೊಟ್ಟರು: "ಅದು ನೀವು ಯೋಚನೆ ಮಾಡಿ ಮಾಷ್ಟ್ರೇ. ನನ್ನ ಮಾತು ಮುಟ್ಟಿತು."

ಆ ಚೀಟಿ ನನ್ನ ಬಳಿ ಇದೆ. ಯೋಚನೆ ಇನ್ನೂ ಮುಗಿದಿಲ್ಲ.