ಹಬೆಗಿಂಡಿಯೊಳಗಿನ ಹೆಸರು

ಶಿತಾಯದ ಓಣಿಯೊಂದರ ತೊಸೆಗೆ ಯಾವ ಕಟ್ಟಡ ಕಂಡರೂ ಮೊದಲು ಹೊಳೆಯುತ್ತಿದ್ದದ್ದು ಅದನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂಬುದು. ಅಕ್ಕಿ ಅಂಗಡಿ, ಪೊಲೀಸ್ ಚೌಕಿ, ತೋಫು ಮಾರುವವನ ಗೂಡು, ಯಾವುದನ್ನೂ ಬಿಟ್ಟವಳಲ್ಲ. ಅವಳು ಬರೆದ ಗೋಡೆ, ಛಾವಣಿ, ಕಂಬಗಳು ಮರದಚ್ಚಿನಿಂದ ಬಣ್ಣಬಣ್ಣವಾಗಿ ಹಾಳೆಗಿಳಿಯುತ್ತಿದ್ದವು. ಜನ ಅವನ್ನು ಕೊಂಡು, ಕತ್ತರಿಸಿ, ಅನ್ನದ ಗಂಜಿ ಹಚ್ಚಿ ನಿಲ್ಲಿಸುತ್ತಿದ್ದರು. ಬೇಸಿಗೆಯ ಸಂಜೆ ಒಳಗೊಂದು ಮೇಣದಬತ್ತಿ ಹಚ್ಚಿ ಬಾಗಿಲ ಮುಂದೆ ಇಡದ ಮನೆ ಆ ಓಣಿಯಲ್ಲಿ ಇರಲಿಲ್ಲ.

ಅವಳ ಅಪ್ಪ ಯೊಹಾಚಿ ಬಡಗಿ. ಮಗಳಿಗೆ ಬೊಂಬೆ ಕೊಡಿಸಲಿಲ್ಲ, ಮರದ ತುಂಡು ಕೊಟ್ಟ. ಅವಳಿಗೆ ಒಂದು ಮದುವೆಯೂ ಆಗಿತ್ತು. ವರ್ಷ ತುಂಬುವ ಮೊದಲೇ ಗಂಟು ಕಟ್ಟಿಕೊಂಡು ಬಂದವಳನ್ನು ಅಪ್ಪ ಏನಾಯಿತೆಂದು ಕೇಳಿದರೆ, "ಆ ಮನೇಲಿ ಒಂದು ಬಾಗಿಲೂ ಸರಿಯಾಗಿ ಮುಚ್ಚಲ್ಲ ಅಪ್ಪಾ, ಆ ಮನುಷ್ಯನ ಬಾಯಿ ಸೇರಿ" ಅಂದಳು. ಯೊಹಾಚಿ ಮತ್ತೆ ಆ ಮಾತೆತ್ತಲಿಲ್ಲ.

ಇಪ್ಪತ್ತಾರು ವರ್ಷ ಅವಳು ಕಾಗದದಲ್ಲಿ ಊರು ಕಟ್ಟಿದಳು. ಹಾಳೆಯ ಮೂಲೆಯಲ್ಲಿ ಮಾತ್ರ ಬಣ್ಣ ತುಂಬಿದ ಚಿತ್ರಗಾರನ ಹೆಸರೇ ಇರುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಅದನ್ನವಳು ಮುಚ್ಚಿಡುತ್ತಲೂ ಇರಲಿಲ್ಲ. ಆ ವರ್ಷ ಅಸಾಕುಸದ ಪ್ರಕಾಶಕ ಕಿಹೆಯಿ ಸ್ನಾನದ ಮನೆಯೊಂದನ್ನು ಬರೆದುಕೊಡು ಎಂದಾಗ ನೇರವಾಗಿ ಕೇಳಿದಳು.

"ಈ ಸಲ ಮೂಲೇಲಿ ನನ್ನ ಹೆಸರು ಬರ್ಬೇಕು ಸಾಹುಕಾರ್ರೇ. ಇಲ್ಲಾಂದ್ರೆ ಸ್ನಾನ ಮಾಡೋಕೆ ನದಿಗೆ ಹೋಗಿ."

ಕಿಹೆಯಿ ನಕ್ಕ. "ಆಯ್ತು ಮಾರಾಯ್ತಿ. ಆದ್ರೆ ಐದು ಹಾಳೆ ಆಗಲ್ಲ, ನಾಲ್ಕರಲ್ಲಿ ಮುಗಿಸು. ಮೊದಲನೇ ಪ್ರತಿ ನನ್ನ ಅಂಗಡೀಲಿ ನೆಟ್ಟಗೆ ನಿಂತ್ರೆ ಹೆಸರು. ನಿಲ್ಲದಿದ್ರೆ ಇಲ್ಲ."

"ನಾನು ಕಟ್ಟಿದ್ದು ಯಾವಾಗ ಬಿದ್ದಿದೆ?" ಎಂದಳು ತೊಸೆ.

ನಾಲ್ಕರಲ್ಲೇ ಮುಗಿಸಿದಳು. ಛಾವಣಿಯ ಎರಡು ಇಳಿಜಾರುಗಳನ್ನು ಹಾಳೆಯಲ್ಲಿ ಅಡ್ಡ ತಿರುಗಿಸಿ ತೂರಿಸಿದಾಗ ಜಾಗ ಕೂಡಿಬಂತು. ಒಣ ಕಾಗದದ ಮೇಲೆ ಬರೆದು ಕಟ್ಟಿ ನೋಡಿದಳು, ಕೂದಲೆಳೆ ವ್ಯತ್ಯಾಸವಿಲ್ಲ. ಗಿಂಜಿರೊ ಅಚ್ಚು ಕೆತ್ತಿದ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಬೈದಾಡದೆ ಒಂದು ಕೆಲಸವೂ ಮುಗಿಸಿದವರಲ್ಲ.

ಮೊದಲ ಪ್ರತಿಯನ್ನು ಕಿಹೆಯಿಯ ಕಣ್ಣೆದುರೇ ಕಟ್ಟಿದಳು. ಗೋಡೆ ನಿಂತಿತು, ಗಂಡಸರ ಬಾಗಿಲು, ಹೆಂಗಸರ ಬಾಗಿಲು ನಿಂತವು. ಛಾವಣಿಯ ಎರಡು ಭಾಗ ಮಾತ್ರ ನೆತ್ತಿಯಲ್ಲಿ ಕೂಡಲಿಲ್ಲ. ಅಕ್ಕಿಕಾಳಿನಷ್ಟು ಸಂದು.

"ಕಾಗದ ಕುಗ್ಗಿದೆ" ಅಂದಳು ತೊಸೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದ ಕಿಹೆಯಿ.

ಕಾಗದ ಕುಗ್ಗಿದ್ದು ನಿಜವೇ. ಅಚ್ಚೊತ್ತುವಾಗ ಕಾಗದವನ್ನು ಒದ್ದೆ ಮಾಡುತ್ತಾರೆ. ಒಣಗುವಾಗ ಅದು ನಾರಿನ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮರವೂ ಹಾಗೆಯೇ ಎಂದು ಅಪ್ಪ ಏಳನೆಯ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದ. ಬಡಗಿಯ ಮಗಳಾಗಿ ಒಂದು ಹಾಳೆ ಉಳಿಸಲು ಛಾವಣಿಯನ್ನು ಅಡ್ಡ ಮಲಗಿಸಿದ್ದಳು! ಬೇರೆ ಯಾರ ತಪ್ಪಾಗಿದ್ದರೂ ಅವಳು ಓಣಿ ಹಾರಿಹೋಗುವಂತೆ ಬೈಯುತ್ತಿದ್ದಳು. ತನ್ನದೇ ಆದ್ದರಿಂದ ಆ ಸಂದಿನೊಳಗೆ ಉಗುರು ತೂರಿಸಿ ಅಳೆದಳು.

ಆಮೇಲೆ ಎದ್ದು ಎದುರಿನ ಸ್ನಾನದ ಮನೆಯ ಛಾವಣಿ ನೋಡಿದಳು. ಅದರ ನೆತ್ತಿಯ ಮೇಲೆ ಹಬೆ ಹೊರಹೋಗಲು ಇನ್ನೊಂದು ಪುಟ್ಟ ಛಾವಣಿ ಇತ್ತು.

"ಹಬೆಗಿಂಡಿ ಇಲ್ಲದ ಸ್ನಾನದ ಮನೆ ಎಲ್ಲಿದೆ ಸಾಹುಕಾರ್ರೇ? ಅದನ್ನ ಬರೆದಿರಲಿಲ್ಲ, ಈಗ ಕೂರಿಸ್ತೀನಿ. ಸಂದು ಅದರಡಿ ಹೋಗುತ್ತೆ."

"ಹಾಳೇಲಿ ಜಾಗ ಎಲ್ಲಿದೆ?"

ಜಾಗ ಇದ್ದದ್ದು ಒಂದೇ ಕಡೆ, ಅವಳ ಹೆಸರು ಕೆತ್ತಿದ್ದ ಮೂಲೆಯಲ್ಲಿ.

"ಅದನ್ನೇ ಕಿತ್ತುಹಾಕು. ಹೇಗೂ ಮೊದಲನೇ ಸಲ ನಿಲ್ಲಲಿಲ್ವಲ್ಲ" ಅಂದ ಕಿಹೆಯಿ. ಮೊದಲು ಆಡಿಕೊಂಡ ಕರಾರಿಗೆ ಅದು ಸರಿಯಾಗಿಯೇ ಇತ್ತು. ತೊಸೆ ತಲೆಯಾಡಿಸಿ ಹೊರಟಳು.

ಗಿಂಜಿರೊ ಅಚ್ಚಿನ ಮೂಲೆಯಿಂದ ಅವಳ ಹೆಸರನ್ನು ಉಳಿಯಲ್ಲಿ ಎಬ್ಬಿಸಿ, ಆ ಗುಳಿಗೆ ಚೆರಿ ಮರದ ಹೊಸ ತುಂಡು ಬಡಿದು ಕೂರಿಸಿದ. ಅವನಿಗೇ ಅಳು ಬರುವಂತಾಗಿತ್ತು. ತೊಸೆ ಮಾತ್ರ ಹಬೆಗಿಂಡಿಯ ಪಟ್ಟಿಗೆ, ಒಳಕ್ಕೆ ಮಡಚಿಹೋಗುವ ಒಂದು ಅಂಚು ಸೇರಿಸುತ್ತಿದ್ದಳು.

"ಅಪ್ಪ ಕಟ್ಟಿದ ಮನೆಗಳಲ್ಲಿ ಅವನ ಹೆಸರು ಎಲ್ಲಿರ್ತಿತ್ತು ಹೇಳು" ಅಂದಳು.

"ನೆತ್ತಿಯ ತೊಲೆ ಹತ್ರ, ಹಲಗೆ ಮೇಲೆ. ಛಾವಣಿ ಮುಚ್ಚಿದ ಮೇಲೆ ಯಾರಿಗೂ ಕಾಣ್ತಿರಲಿಲ್ಲ."

"ನಂದೂ ಅಲ್ಲೇ ಇರ್ಲಿ. ಆದ್ರೆ ದಿನಾ ಕೆತ್ತೋ ಹಾಗೆ ಉಲ್ಟಾ ಕೆತ್ತಬೇಡ. ಮರದ ಮೇಲೆ ಸೀದಾ ಕೆತ್ತು."

"ಹಾಗಾದ್ರೆ ಕಾಗದದಲ್ಲಿ ಉಲ್ಟಾ ಬೀಳುತ್ತೆ. ನಿನ್ನೆ ಉಳಿ ಹಿಡಿದವನು ಮಾಡೋ ತಪ್ಪದು. ಬೀದಿಯೆಲ್ಲ ನಗುತ್ತೆ ನನ್ನನ್ನ!" ಎಂದವನು ಅವಳ ಮುಖ ನೋಡಿ, ಅಂಚು ಯಾವ ಕಡೆ ಮಡಚುತ್ತದೆಂದು ನೋಡಿ, ಹಲ್ಲು ಕಿಸಿದ. "ಕಳ್ಳಿ" ಅಂದ.

ಹೊಸ ಹಾಳೆ ನೋಡಿದ ಕಿಹೆಯಿ ನಿಜಕ್ಕೂ ನಕ್ಕ. "ಏನೋ ಗಿಂಜಿರೊ, ಅಕ್ಷರ ತಿರುಗಾಮುರುಗಾ! ವಯಸ್ಸಾಯ್ತು ನಿಂಗೆ."

"ಒಳಗೆ ಹೋಗೋ ಅಂಚು, ಬಿಡಿ ಸಾಹುಕಾರ್ರೇ. ಯಾರಿಗೆ ಕಾಣುತ್ತೆ?" ಅಂದ ಗಿಂಜಿರೊ ತಲೆ ತಗ್ಗಿಸಿ. ನಗುವ ಭರದಲ್ಲಿ ಕಿಹೆಯಿ ಅದೇನೆಂದು ಓದಲೂ ಇಲ್ಲ. ತೀರಿಹೋದ ಹಿರಿಯರಿಗೆ ದೀಪ ಹಚ್ಚುವ ಬೋನ್ ಹಬ್ಬಕ್ಕೆ ಇನ್ನು ಹತ್ತೇ ದಿನವಿತ್ತು, ಅಚ್ಚು ಓಡಿತು.

ಹಬ್ಬದ ಹಿಂದಿನ ಸಂಜೆ ಕಿಹೆಯಿ ತನ್ನ ಅಂಗಡಿಯ ಮುಂದೆ ಸ್ನಾನದ ಮನೆ ಇಟ್ಟು ಬತ್ತಿ ಹಚ್ಚಿದ. ಜನ ಮುತ್ತಿಕೊಂಡರು. ಬೆಳಕು ಗೋಡೆಗಳಿಗೆ ಹರಡಿ ನೆತ್ತಿಗೇರಿತು. ಹಬೆಗಿಂಡಿಯ ತೆಳು ಕಾಗದದ ಒಳಗಿನಿಂದ, ಮಡಚಿದ ಅಂಚಿನ ಉಲ್ಟಾ ಅಕ್ಷರಗಳು ಹಿಂಬದಿಯಿಂದ ಸೀದಾ ಆಗಿ ಎದ್ದವು, ನೆಟ್ಟಗೆ, ಸ್ಪಷ್ಟವಾಗಿ. ಎದುರಿನ ಸ್ನಾನದ ಮನೆಯ ಯಜಮಾನಿ ಗಟ್ಟಿಯಾಗಿ ಓದಿದಳು: "ಕಟ್ಟಿದವಳು ಬಡಗಿ ಯೊಹಾಚಿಯ ಮಗಳು ತೊಸೆ."

ಕಿಹೆಯಿ ಬಗ್ಗಿ ಉಫ್ ಎಂದು ಬತ್ತಿ ಆರಿಸಿದ. ಹೆಸರು ಹೋಯಿತು.

"ಅಯ್ಯೋ, ಹಚ್ಚಿ ಸಾಹುಕಾರ್ರೇ! ನಾನಿನ್ನೂ ನೋಡಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. "ನಮ್ಮನೇಲೂ ಹೀಗೇ ಕಾಣುತ್ತಾ?" ಎಂದು ಇನ್ನೊಬ್ಬರು. ಆಗಲೇ ಮಾರಿಹೋಗಿದ್ದ ಹಾಳೆಗಳು ಓಣಿ ಓಣಿಯಲ್ಲಿ ಎದ್ದು ನಿಂತಿದ್ದವು. ಕಿಹೆಯಿ ಬೀದಿಯ ಆಚೆ ನೋಡಿದ. ತೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಬಚ್ಚಿಟ್ಟುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ನಿಂತಿದೆಯಲ್ಲ ಸಾಹುಕಾರ್ರೇ?" ಅಂದಳು.

ಕಿಹೆಯಿ ಏನೋ ಗೊಣಗಿದ. ಆಮೇಲೆ ಜೇಬು ತಡಕಿ, ತಾನೇ ಮತ್ತೊಂದು ಬೆಂಕಿಕಡ್ಡಿ ಗೀರಿದ.