ಗುಡ್ಡದ ಮೇಲಿನ ಟ್ಯಾಂಕು

ನೀರು ಸರಬರಾಜು ಕಚೇರಿಯಲ್ಲಿ ನನ್ನ ತಂಗಿಗೆ ಒಂದು ವಿಚಿತ್ರ ಕೆಲಸ: ಊರಿಗೆ ಬರಗಾಲ ತರಿಸುವುದು. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ ಮಾತ್ರ. ಬಿಸಿಲನ್ನು ಚೂರು ಏರಿಸುತ್ತಾಳೆ, ಮಳೆಯನ್ನು ಚೂರು ಇಳಿಸುತ್ತಾಳೆ, ಯಾವ ಟ್ಯಾಂಕು ಮೊದಲು ಕೈಕೊಡುತ್ತದೆ ಎಂದು ನೋಡುತ್ತಾಳೆ. ಹವಾಮಾನ ಬದಲಾದರೆ ನಮ್ಮ ನಲ್ಲಿಗಳ ಗತಿಯೇನು ಎಂಬುದು ಹೀಗೆಯೇ ತಿಳಿಯುವುದಂತೆ. ಚಿಕ್ಕಂದಿನಲ್ಲೂ ಅಷ್ಟೇ, ಹೊಸ ಬೊಂಬೆ ಕೊಟ್ಟರೆ ಕೈ ಎಲ್ಲಿ ಕಳಚುತ್ತದೆ ಎಂದು ಮೊದಲು ಎಳೆದು ನೋಡುತ್ತಿದ್ದಳು.

ಅವಳ ಕಚೇರಿಯವರದು ಹಳೇ ಪದ್ಧತಿ. ಎಲ್ಲವನ್ನೂ ವರ್ಷದ ಸರಾಸರಿಯಲ್ಲಿ ಅಳೆಯುವುದು. ಹಾಗೆ ಅಳೆದರೆ ಊರಿಗೆ ನೀರು ಸಾಕೋ ಸಾಕು. ಇವಳು ಸುಮ್ಮನಿರಲಾರದೆ ಒಂದೊಂದೇ ತಿಂಗಳು ಬಿಡಿಸಿ ನೋಡಿದಳು. ಬೇಸಿಗೆಯ ಕೊನೆಗೆ ಗುಡ್ಡದ ಮೇಲಿನ ಟ್ಯಾಂಕು ಬರಿದಾಗುತ್ತಿತ್ತು. ಮಳೆಗಾಲದಲ್ಲಿ ತುಂಬಿ ಹೊರಗೆ ಹರಿದುಹೋದ ನೀರನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಕಚೇರಿಯವರು ಬೀಗುತ್ತಿದ್ದರು.

ಅದೇ ಗುಡ್ಡದ ಮೇಲೆ ನಾನು ಮನೆ ಕಟ್ಟಿಸಿದ್ದೆ. ಸುಣ್ಣಬಣ್ಣವೂ ಮುಗಿದಿತ್ತು. ನಲ್ಲಿ ಸಂಪರ್ಕ ಒಂದೇ ಬಾಕಿ.

ವರದಿ ಕೊಡುವ ಮುಂಚೆ ಅವಳು ನನ್ನ ಅಡುಗೆಮನೆಗೆ ಬಂದು ನಿಂತಳು. "ಅಕ್ಕ, ಗುಡ್ಡದ ಮೇಲೆ ಇನ್ನು ಹೊಸ ಸಂಪರ್ಕ ಬೇಡ ಅಂತ ಬರೀತಿದೀನಿ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ ಅಂತ ಬಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಸರಾಸರಿ ಸರಿ ಇದೆ ಅಂತ ನಿಮ್ಮ ಸಾಹೇಬ್ರೇ ಅಂತಾರೆ. ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಒಡಹುಟ್ಟಿದವಳ ತಲೆ ಮೇಲೇ ಕಲ್ಲು ಹಾಕ್ತೀಯಲ್ಲೇ!"

"ಮೇಲೆ ಈಗಿರೋರಿಗೇ ಸಾಲಲ್ಲ ಅಕ್ಕ. ನಿನಗೆ ಕೊಟ್ರೆ ಅವರದ್ದು ಕಿತ್ತು ಕೊಟ್ಟ ಹಾಗೆ." ಅವಳ ಕಣ್ಣು ತುಂಬಿತ್ತು. ನಾನು ಕೂತ್ಕೋ ಎನ್ನಲೂ ಇಲ್ಲ.

ಮಾತು ಬಿಟ್ಟೆ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುತ್ತದೆಯೇ? ವರದಿ ಹೋಯಿತು, ಗುಡ್ಡಕ್ಕೆ ಹೊಸ ಸಂಪರ್ಕ ನಿಂತಿತು. ಅವಳು ಫೋನ್ ಮಾಡುತ್ತಲೇ ಇದ್ದಳು, ನಾನು ಎತ್ತಲಿಲ್ಲ.

ಆಮೇಲೆ ಗುಡ್ಡದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರೆಲ್ಲ ಒಂದು ಕಡೆ ಸಭೆ ಸೇರಿದೆವು. ನನ್ನ ಪಕ್ಕದ ಸೈಟಿನ ಮೇಷ್ಟ್ರು ಎದ್ದು ನಿಂತರು. "ಇದು ಯಾರೋ ಲಂಚ ತಿಂದು ಬರೆದಿರೋ ವರದಿ ಕಣ್ರೀ," ಎಂದರು. ಎಲ್ಲರೂ ಹೌದು ಹೌದು ಎಂದರು. ನನಗೂ ಅವಳ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು, ಆದರೆ ಆಗಲಿಲ್ಲ.

"ಮೇಷ್ಟ್ರೇ, ಅದನ್ನ ಬರೆದವಳು ನನ್ನ ತಂಗಿ," ಎಂದೆ. "ಅವಳು ತಿನ್ನೋ ಪೈಕಿ ಆಗಿದ್ರೆ, ಮೊದಲು ನನ್ನ ಮನೆಗೆ ನೀರು ಬರ್ತಿತ್ತು."